ತಂತಿಯ ಮೇಲೆ ಜಾರುವ ಉಕ್ಕು

ಹ್ಯಾಂಕ್ ವಿಲಿಯಮ್ಸನ ಅಂತ್ಯಯಾತ್ರೆಯನ್ನು ಕುರಿತು ಈ ವಾರ ಬರೆಯುವೆನೆಂದು ಮಾತು ಕೊಟ್ಟಿದ್ದೆನು. ಓಹಾಯೊ ಪ್ರಾಂತದ ಕ್ಯಾಂಟನ್ ನಗರದ ಕಛೇರಿಗೆಂದು ಸಾಗುತ್ತಿದ್ದ ಕ್ಯಾಡಿಲಾಕ್ ಕಾರಿನ ಹಿಂಬದಿಯ ಆಸನದಲ್ಲಿ, 1953ರ ಹೊಸವರ್ಷದ ದಿನ, ಕೇವಲ 29 ವರ್ಷದ ಆ ಕವಿಗಾಯಕನು ನಿರ್ಜೀವನಾಗಿದ್ದುದು ವೆಸ್ಟ್ ವರ್ಜೀನಿಯದ ಓಕ್ ಹಿಲ್ಲಿನಲ್ಲಿ ತಿಳಿದುಬಂದುದನ್ನು ಈ ಅಂಕಣದ ಓದುಗರು ಬಲ್ಲರು. ಆ ವೃತ್ತಾಂತಕ್ಕೆ ಪೀಠಿಕೆಯಾಗಲೆಂದು ಅವನ ಹಳೆಯ ತಟ್ಟೆಗಳನ್ನು ಕೇಳತೊಡಗಿದವನು ಒಂದು ಹಾಡಿನಲ್ಲಿಯೇ ನಿಂತುಬಿಟ್ಟೆನು.

“ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ” ಎಂಬ ಆ ಗೀತವು 1949ರ ಆಗಸ್ಟ್ 30ರಂದು ಸಿನ್ಸಿನಾಟಿಯಲ್ಲಿ ಮುದ್ರಿತವಾಗಿ, ತಟ್ಟೆಯ ಹಿಂಬದಿಯ ಹಾಡಾಗಿ ಹೊರಬಂದಿತು. ಅದೇ ವರ್ಷದ ಜೂನಿನಲ್ಲಿ ನ್ಯಾಶ್‌ವಿಲ್ಲಿನ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯ ಮೇಲೆ ಅವನನ್ನು ಮೆರೆಸಿದ “ಲವ್‌ಸಿಕ್ ಬ್ಲೂಸ್” ಅನ್ಯರ ರಚನೆ, ಇದಾದರೋ ಅವನದೇ. ಹಕ್ಕಿಯ ಕೂಗು, ಇರುಳಿನ ರೈಲು, ಮೋಡದ ಮರೆಗೆ ಸರಿಯುವ ಚಂದ್ರ, ಬಾನಿನಿಂದುದುರುವ ನಕ್ಷತ್ರ, ಇವಿಷ್ಟೇ ಸಾಮಗ್ರಿ. ಮೂರು ಮಾತ್ರೆಯ ನಿಧಾನ ನಡೆಯ ನಾಲ್ಕು ಚರಣಗಳು. ಅಗಲಿದವರ ಸುಳಿವು ಕೂಡ ಕೊನೆಯ ಚರಣದವರೆಗೆ ದೊರೆಯದು. ಆಲಬಾಮದ ಬೀದಿಗಳಲ್ಲಿ ಹಾಡುತ್ತಿದ್ದ ರೂಫಸ್ ಪೇನ್ ಎಂಬ ಕಪ್ಪು ಗಾಯಕನ ಬಳಿ ಬಾಲ್ಯದಲ್ಲಿ ಪಾಠ ಕಲಿತವನಿಗೆ, ಎಷ್ಟು ಹೇಳಬೇಕೆಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕೆಂಬುದು ಚೆನ್ನಾಗಿ ತಿಳಿದಿತ್ತು.

ಅವನು ನಿಲ್ಲಿಸಿದೆಡೆಯಲ್ಲಿ ಮಾತನ್ನೆತ್ತಿಕೊಳ್ಳುವುದು ಜೆರ್ರಿ ಬರ್ಡನ ಸ್ಟೀಲ್ ಗಿಟಾರು. ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿದ ವಾದ್ಯದ ತಂತಿಗಳನ್ನು ಬಲಗೈ ಮೀಟುತ್ತಿರಲು, ಎಡಗೈಯ ಉಕ್ಕಿನ ತುಂಡು ಅವುಗಳ ಮೇಲೆ ಜಾರಿ, ಒಂದು ಸ್ವರದಿಂದ ಮತ್ತೊಂದಕ್ಕೆ ನೆಗೆಯದೆ, ನಡುವಣ ಹಾದಿಯನ್ನೆಲ್ಲ ತಡವಿಕೊಂಡು ನಡೆಯುತ್ತದೆ. ನಮ್ಮ ಗೋಟುವಾದ್ಯವನ್ನು ಕೇಳಿದ ಕಿವಿಗೆ ಈ ಜಾರುವಿಕೆಯ ಸುಖವನ್ನು ವಿವರಿಸಬೇಕಾದುದಿಲ್ಲ.

ಇಲ್ಲಿ ಹಳೆಯ ವಾದವೊಂದನ್ನು ಮತ್ತೆ ಎತ್ತುವೆನು. ಹ್ಯಾಂಕನ “ಕೋಲ್ಡ್, ಕೋಲ್ಡ್ ಹಾರ್ಟ್” ಅನ್ನು 1951ರಲ್ಲಿ ಟೋನಿ ಬೆನೆಟ್ಟನು ಪರ್ಸಿ ಫೇತನ ವಾದ್ಯವೃಂದದೊಡನೆ ಹಾಡಿ ದೇಶಕ್ಕೆಲ್ಲ ಪರಿಚಯಿಸಿದನೆಂದು, ಆದುದರಿಂದ ಪಿಟೀಲುಗಳ ಸಮೂಹವೇ ಹಳ್ಳಿಗೀತಕ್ಕೆ ಸಂಸ್ಕಾರವೆಂದು ಒಂದು ಪಂಥದವರು ಇಂದಿಗೂ ಹೇಳುವರು. ಹಾಡು ಪ್ರಸಿದ್ಧವಾದುದು ನಿಜ. ಬೆನೆಟ್ಟನ ಕಂಠವೂ ಉದಾತ್ತವಾದುದು. ಆದರೆ ಒಬ್ಬನೇ ಕುಳಿತು ತನಗೆ ತಾನೇ ಹೇಳಿಕೊಂಡ ಮಾತಿಗೆ ಮೂವತ್ತು ಜನರು ಹೂಂಗುಟ್ಟಿದರೆ ಏಕಾಂತವೆಂಬುದು ಎಲ್ಲಿ ಉಳಿಯಿತು? ಹ್ಯಾಂಕನ ಕೊನೆಯ ಮುದ್ರಣವು ನಡೆದ 1952ರ ಸೆಪ್ಟೆಂಬರಿನಲ್ಲಿ “ಯುವರ್ ಚೀಟಿನ್ ಹಾರ್ಟ್”ಗೆ ಡಾನ್ ಹೆಲ್ಮ್ಸನು ನುಡಿಸಿದ ಸ್ಟೀಲಿನ ಆರಂಭವನ್ನು ಕೇಳಿರಿ. ಕಂಠವು ತೆರೆಯುವ ಮೊದಲೇ, ಮೇಲಿನ ಸ್ಥಾಯಿಯಲ್ಲಿ, ಒಂದೇ ವಾದ್ಯವು ಆರೋಪಪಟ್ಟಿಯನ್ನೆಲ್ಲ ಓದಿ ಮುಗಿಸಿರುತ್ತದೆ.

ಪಿಟೀಲಿಗಿಂತಲೂ ನನ್ನನ್ನು ಹೆಚ್ಚು ನೋಯಿಸಿದುದು ಪೆಡಲು. 1954ರಲ್ಲಿ ಹೊರಬಂದ ವೆಬ್ ಪಿಯರ್ಸನ “ಸ್ಲೋಲಿ” ಹಾಡಿಗೆ ಬಡ್ ಐಸಾಕ್ಸನು ಪೆಡಲು ತುಳಿದು, ಕೆಲವು ತಂತಿಗಳು ಕದಲದಿರಲು ಮಿಕ್ಕವುಗಳ ಶ್ರುತಿಯನ್ನು ಮಾತ್ರ ಏರಿಸಿದಂದಿನಿಂದ ನ್ಯಾಶ್‌ವಿಲ್ಲಿನ ವಾದಕರಲ್ಲಿ ಬಹುಮಂದಿ ಯಂತ್ರದ ಕಡೆಗೆ ತಿರುಗಿದರು. ಅದರ ಸ್ವರಮೈತ್ರಿಯ ಬೆಡಗನ್ನು ಅಲ್ಲಗಳೆಯಲಾರೆ. ಆದರೂ ಕೈಯು ಹುಡುಕಿ ಮುಟ್ಟಿದ ಸ್ವರಕ್ಕೂ ಕಾಲು ಒತ್ತಿ ತರಿಸಿದ ಸ್ವರಕ್ಕೂ ನನ್ನ ಕಿವಿಗೆ ಅಂತರವುಂಟು.

ಬರ್ಡನು ಪೆಡಲನ್ನು ಒಲ್ಲೆನೆಂದನು. 1972ರಲ್ಲಿ ನ್ಯಾಶ್‌ವಿಲ್ಲನ್ನು ತೊರೆದು, ಆ ವಾದ್ಯವು ಹುಟ್ಟಿದ ಹವಾಯಿ ದ್ವೀಪಗಳಿಗೆ ತೆರಳಿ, ಅಲ್ಲಿಯೇ ಮರೆವಿಗೆ ಸಂದಿದ್ದ ಆ ಕಲೆಯನ್ನು ಅಲ್ಲಿನ ತರುಣರಿಗೆ ಕಲಿಸುತ್ತ, 2005ರಲ್ಲಿ ಹೊನೊಲುಲುವಿನಲ್ಲಿ ತೀರಿಕೊಂಡನು. ಓಕ್ ಹಿಲ್ಲಿನ ಕಥೆಯು ಮುಂದಿನ ವಾರಕ್ಕಿರಲಿ.