ಕಿರ್ಯೂ ನಗುವುದಿಲ್ಲ

‘ಯಾಕುಜಾ 0’ ಗೇಮನ್ನು ಈ ವಾರ ಮೂರನೇ ಸಲ ಆಡಿ ಮುಗಿಸಿದೆ. ಆರನೇ ಅಧ್ಯಾಯದಲ್ಲಿ ಏನಾಗುತ್ತದೆಂದು ಗೊತ್ತಿದ್ದೂ ಕಂಟ್ರೋಲರನ್ನು ಪಕ್ಕಕ್ಕಿಟ್ಟು ಸುಮ್ಮನೆ ಕೂತೆ. ಕಾಡಿನ ದಾರಿಯಲ್ಲಿ ಕಾರು ನಿಂತಿದೆ. ಕಥಾನಾಯಕ, ಯಾಕುಜಾ ಎಂಬ ಜಪಾನಿ ಪಾತಕಿ ಲೋಕದ ಕಜುಮಾ ಕಿರ್ಯೂನ ಪ್ರಾಣಕ್ಕಾಗಿ ಪಾತಕಿಗಳ ದಂಡೇ ಹುಡುಕಾಡುತ್ತಿದೆ. ಅವರ ಕೈಗೆ ಸಿಕ್ಕಿ ನರಳಿ ಸಾಯುವ ಬದಲು ನನ್ನ ಕೈಯಲ್ಲೇ ಹೋಗಲಿ ಎಂದು ಜೀವದ ಗೆಳೆಯ ನಿಶಿಕಿ ಅವನನ್ನು ಇಲ್ಲಿಗೆ ಕರೆತಂದಿದ್ದಾನೆ. ಪಿಸ್ತೂಲು ಎತ್ತುತ್ತಾನೆ, ಅಳುತ್ತಾನೆ, ಗುಂಡು ಹಾರಿಸಲಾರ.

ಆ ಅಳು ಇಷ್ಟು ತಾಗುವುದಕ್ಕೆ ಕಾರಣ ಕ್ಯಾರಿಯೋಕಿ. ಕಥೆ ಶುರುವಾದ ಸ್ವಲ್ಪ ಹೊತ್ತಿಗೇ ಇವರಿಬ್ಬರೂ ಹಾಡಲು ಹೋಗುತ್ತಾರೆ. ಕಲ್ಲಿನಂಥ ಮುಖದ ಕಿರ್ಯೂ ಮೈಕ್ ಹಿಡಿದು ‘ಜಡ್ಜ್‌ಮೆಂಟ್’ ಹಾಡಿದನೆಂದರೆ ಪರದೆಯ ಮೇಲೆ ಅವನು ರಾಕ್ ತಾರೆಯಾಗಿ ಮೆರೆಯುತ್ತಾನೆ. ತಾಳಕ್ಕೆ ಸರಿಯಾಗಿ ಗುಂಡಿ ಒತ್ತುವುದು ನನ್ನ ಕೆಲಸ. ನಗು ತಡೆಯಲಾಗದೆ ತಾಳ ತಪ್ಪುತ್ತದೆ. ಇಪ್ಪತ್ತರ ಹರೆಯದ ಇಬ್ಬರು ಹುಡುಗರು ಒಂದು ರಾತ್ರಿ ಸಂತೋಷವಾಗಿದ್ದರು, ನಾನೂ ಅವರ ಜೊತೆಗಿದ್ದೆ. ಕಾಡಿನ ದಾರಿಯಲ್ಲಿ ನೆನಪಾಗುವುದು ಆ ರಾತ್ರಿಯೇ.

ಹಳೆಯ ಆಟಗಾರರಿಗೆ ಆ ನೆನಪು ಇನ್ನೂ ಕಷ್ಟ. ಸೆಗಾ ಕಂಪನಿ 2005ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಮೊದಲ ಗೇಮಿನಲ್ಲಿ ನಿಶಿಕಿ ಮಾಡಿದ ಕೊಲೆಯನ್ನು ಕಿರ್ಯೂ ತನ್ನ ಮೇಲೆ ಹಾಕಿಕೊಂಡು ಹತ್ತು ವರ್ಷ ಜೈಲಿನಲ್ಲಿರುತ್ತಾನೆ. ಹೊರಬಂದಾಗ ಎದುರು ನಿಲ್ಲುವ ವೈರಿ ಅದೇ ನಿಶಿಕಿ. 2015ರ ‘ಯಾಕುಜಾ 0’ ಅದಕ್ಕೂ ಹಿಂದಿನ, 1988ರ ಡಿಸೆಂಬರ್‌ನ ಕಥೆ. ಮುಂದೆ ಏನಾಗುವುದೆಂದು ಬಲ್ಲವರಿಗೆ ಆ ಹಾಡಿಗೆ ನಗುವಾಗಲೂ ಗಂಟಲು ಕಟ್ಟುತ್ತದೆ.

ಹಾಸ್ಯವೆಂದರೆ ಗಂಭೀರ ಕಥೆಯ ನಡುವೆ ಸಿಗುವ ಬಿಡುವು ಎಂದು ಗೇಮ್ ವಿಮರ್ಶೆಗಳಲ್ಲಿ ಆಗಾಗ ಓದುತ್ತೇನೆ. ಈ ಸರಣಿಗೆ ಆ ಮಾತು ಹೊಂದುವುದಿಲ್ಲ. ಟೋಕಿಯೋದ ಕಾಬುಕಿಚೋವನ್ನು ಹೋಲುವ ಕಾಮುರೋಚೋದ ಗಲ್ಲಿಗಳಲ್ಲಿ ಸಿಗುವ ಉಪಕಥೆಗಳನ್ನೇ ನೋಡಿ. ಆಗತಾನೇ ಕೊಂಡ ವಿಡಿಯೋ ಗೇಮನ್ನು ಯಾರೋ ಕಿತ್ತುಕೊಂಡರೆಂದು ಒಬ್ಬ ಹುಡುಗ ಅಳುತ್ತಿದ್ದಾನೆ. (ಗೇಮಿನ ಹೆಸರು ‘ಅರಾಕುರೆ ಕ್ವೆಸ್ಟ್’. 1988ರ ಫೆಬ್ರವರಿಯಲ್ಲಿ ‘ಡ್ರ್ಯಾಗನ್ ಕ್ವೆಸ್ಟ್ 3’ಕ್ಕಾಗಿ ಜಪಾನಿನ ಅಂಗಡಿಗಳ ಮುಂದೆ ಉದ್ದುದ್ದ ಸಾಲು ನಿಂತದ್ದರ ನೆನಪು ಅದು.) ಕಿರ್ಯೂ ಬೆನ್ನಟ್ಟುತ್ತಾನೆ. ಕಸಿದವನಿಂದ ಇನ್ನೊಬ್ಬ ಕಸಿದಿದ್ದಾನೆ, ಅವನಿಂದ ಮತ್ತೊಬ್ಬ. ಕೊನೆಗೆ ಗೇಮ್ ಸಿಕ್ಕುವುದು ಆ ಹುಡುಗನ ಅಪ್ಪನ ಕೈಯಲ್ಲಿ. ಮಗನಿಗೆ ಕೊಡಬೇಕೆಂಬ ಆಸೆಯಿಂದ ಆತ ಕಳ್ಳನಾಗಿದ್ದಾನೆ. ಅಷ್ಟು ಹೊತ್ತಿನ ನಗು ಎಲ್ಲಿ ನಿಂತಿತು, ಕರುಣೆ ಎಲ್ಲಿ ಶುರುವಾಯಿತು ಎಂದು ಇವತ್ತಿಗೂ ನನಗೆ ಬೆರಳಿಟ್ಟು ತೋರಿಸಲಾಗುವುದಿಲ್ಲ.

ಇದರ ಗುಟ್ಟು ಕಿರ್ಯೂನ ಮುಖದಲ್ಲಿದೆ. ಅವನು ನಗುವುದಿಲ್ಲ. ಕಳೆದುಹೋದ ಗೇಮ್ ಹುಡುಕುವಾಗಲೂ, ತುಂಡು ಭೂಮಿಗಾಗಿ ಹರಿಯುವ ರಕ್ತದ ನಡುವೆಯೂ ಅದೇ ಮುಖ, ಅದೇ ಶ್ರದ್ಧೆ. ಬೌಲಿಂಗ್‌ನಲ್ಲಿ ಸತತ ಮೂರು ಸ್ಟ್ರೈಕ್‌ಗೆ ಟರ್ಕಿ ಎನ್ನುತ್ತಾರೆ. ಅದನ್ನು ಸಾಧಿಸಿದ ಕಿರ್ಯೂಗೆ ಸಿಗುವ ಬಹುಮಾನ ನಗೆಟ್ ಎಂಬ ಜೀವಂತ ಕೋಳಿ. ಅದನ್ನೂ ಅವನು ಗೌರವದಿಂದಲೇ ಒಪ್ಪಿಕೊಂಡು ತನ್ನ ಜಮೀನು ವ್ಯವಹಾರದ ಮ್ಯಾನೇಜರ್ ಮಾಡಿಕೊಳ್ಳುತ್ತಾನೆ. ಬರೆದವರು ಒಮ್ಮೆ ನಮ್ಮತ್ತ ಕಣ್ಣು ಮಿಟುಕಿಸಿದ್ದರೂ ಸಾಕು, ಕಾಡಿನ ದೃಶ್ಯ ಸುಳ್ಳಾಗುತ್ತಿತ್ತು. ಎದುರಿನವರ ಕಷ್ಟ ಸಣ್ಣದೆಂದು ಅವನಿಗೆ ಅನ್ನಿಸುವುದೇ ಇಲ್ಲವಾದ್ದರಿಂದ, ದೊಡ್ಡ ಕಷ್ಟ ಬಂದಾಗ ನಾವು ಅವನನ್ನು ನಂಬುತ್ತೇವೆ.

ಸರಣಿ ಎಡವಿದ್ದೂ ಉಂಟು, ಅದು ವ್ಯಕ್ತಿಯನ್ನೇ ನಗೆಪಾಟಲು ಮಾಡಿದಾಗ. 2009ರ ‘ಯಾಕುಜಾ 3’ರಲ್ಲಿ ಒಬ್ಬ ಟ್ರಾನ್ಸ್ ಹೆಣ್ಣು ಕಿರ್ಯೂನನ್ನು ಅಟ್ಟಿಸಿಕೊಂಡು ಓಡುವುದೇ ತಮಾಷೆಯಾಗಿತ್ತು. ಅಲ್ಲಿ ಅವಳ ಕಷ್ಟವನ್ನು ಕೇಳುವವರಿಲ್ಲ. ಮುಂದೆ ಗೇಮನ್ನು ಹೊಸದಾಗಿ ರೂಪಿಸಿದಾಗ ಆ ಭಾಗವನ್ನು ತೆಗೆದುಹಾಕಿದರು. ಸರಿಯಾಗಿಯೇ ಮಾಡಿದರು ಎನ್ನುವೆ. ಅದೇ ಗೇಮಿನಲ್ಲಿ ಕಿರ್ಯೂ ನಡೆಸುವ ಓಕಿನಾವಾದ ಅನಾಥಾಲಯದ ಭಾಗವನ್ನು ಬಹಳ ಜನ ನಿಧಾನವೆಂದು ದೂರುತ್ತಾರೆ. ನನಗೆ ಅದು ಇಡೀ ಸರಣಿಯಲ್ಲೇ ಪ್ರಿಯವಾದದ್ದು. ಮಕ್ಕಳ ಪುಟ್ಟ ಜಗಳಗಳನ್ನು ಬಿಡಿಸುವ ಪಾತಕಿಯ ಮೈಮೇಲಿನ ಡ್ರ್ಯಾಗನ್ ಹಚ್ಚೆ ಅಂಗಿಯ ಅಡಿಯಲ್ಲಿ ತಣ್ಣಗೆ ಮಲಗಿರುತ್ತದೆ.

‘ಯಾಕುಜಾ 0’ರ ಉಪಕಥೆಗಳಲ್ಲಿ ಪುಟ್ಟ ಆಟಿಕೆ ಕಾರುಗಳ ರೇಸೂ ಇದೆ, ಹೆಸರು ಪಾಕೆಟ್ ಸರ್ಕ್ಯೂಟ್. ಕಿರ್ಯೂ ಮಕ್ಕಳ ನಡುವೆ ಬಗ್ಗಿ ನಿಂತು, ಯಾವ ಚಕ್ರ ಹಾಕಬೇಕು, ಯಾವ ಮೋಟರು ಸರಿ ಎಂದು ಹಣೆ ಗಂಟಿಕ್ಕಿ ಯೋಚಿಸುತ್ತಾನೆ. ಅಲ್ಲಿ ರೇಸ್ ನಡೆಸುವವನು ತನ್ನನ್ನು ಪಾಕೆಟ್ ಸರ್ಕ್ಯೂಟ್ ಫೈಟರ್ ಎಂದೇ ಕರೆದುಕೊಳ್ಳುತ್ತಾನೆ. ಇದೇ ಸರಣಿಯ 2024ರ ಗೇಮ್ ‘ಇನ್ಫಿನಿಟ್ ವೆಲ್ತ್’ನಲ್ಲಿ ಕಿರ್ಯೂಗೆ ಕ್ಯಾನ್ಸರ್. ಲೋಕದ ಲೆಕ್ಕದಲ್ಲಿ ಅವನು ಆಗಲೇ ಸತ್ತವನು, ಯಾರಿಗೂ ಮುಖ ತೋರಿಸುವಂತಿಲ್ಲ. ಹಳೆಯ ಗೆಳೆಯ ದಾತೆ ಅವನನ್ನು ಒಂದೊಂದೇ ಕಡೆ ಕರೆದೊಯ್ದು ಮರೆಯಲ್ಲಿ ನಿಲ್ಲಿಸುತ್ತಾನೆ, ಪರಿಚಿತರು ಕಿರ್ಯೂನ ಬಗ್ಗೆ ಆಡುವ ಮಾತು ಅವನಿಗೆ ಕೇಳಲೆಂದು. ಅವರ ನಡುವೆ ಪಾಕೆಟ್ ಸರ್ಕ್ಯೂಟ್ ಫೈಟರ್ ಕೂಡ ಇದ್ದಾನೆ, ಈಗ ವಯಸ್ಸಾಗಿದೆ. ಆಟಿಕೆ ಕಾರುಗಳನ್ನು ಓಡಿಸಿದ ದಿನಗಳನ್ನು ಅವನು ಮರೆತಿಲ್ಲ. ಕಿರ್ಯೂ ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಾನೆ.