ತಪ್ಪು ದೇಕಾರ್ತನದೋ, ನಮ್ಮದೋ?

ನರವಿಜ್ಞಾನಿ ಅಂಟೋನಿಯೊ ದಮಾಸಿಯೊ 1994ರಲ್ಲಿ ಪ್ರಕಟಿಸಿದ 'ಡೆಕಾರ್ಟೀಸ್ ಎರರ್' ಗ್ರಂಥವನ್ನು ನಮ್ಮ ಸೆಮಿನರಿಗಳಲ್ಲಿ ಕೆಲವರು ಆತ್ಮವನ್ನು ಅಲ್ಲಗಳೆಯುವ ಪುಸ್ತಕವೆಂದು ದೂರವಿಡುತ್ತಾರೆ. ಇನ್ನು ಕೆಲವರು ಓದದೆಯೇ ಉಲ್ಲೇಖಿಸುತ್ತಾರೆ. ಎರಡೂ ಅದಕ್ಕೆ ಮಾಡುವ ಅನ್ಯಾಯವೇ.

ಗ್ರಂಥದ ವಾದ ಸರಳವಾದದ್ದು. ಹೃದಯದ ಬಡಿತ, ಕರುಳಿನ ಚಲನೆ, ಸ್ನಾಯುಗಳ ಬಿಗಿತ ಇವುಗಳ ವರ್ತಮಾನವು ನರಮಂಡಲದ ಮೂಲಕ ಮಿದುಳಿಗೆ ಎಡೆಬಿಡದೆ ಹರಿಯುತ್ತಿರುತ್ತದೆ. ಭಾವವೆಂದರೆ ಮುಖ್ಯವಾಗಿ ಆ ದೇಹಸ್ಥಿತಿಯ ಅರಿವು. ಆ ಅರಿವಿನ ನೆರವಿಲ್ಲದೆ ವಿವೇಚನೆಯೂ ಕುಂಟುತ್ತದೆ. ಎಲಿಯಟ್ ಎಂಬ ಗುಪ್ತನಾಮದ ರೋಗಿಯೊಬ್ಬನನ್ನು ಅವರು ಮುಂದಿಡುತ್ತಾರೆ. ಮಿದುಳಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾದ ಬಳಿಕವೂ ಅವನ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಮುಕ್ಕಾಗಿರಲಿಲ್ಲ. ಆದರೆ ಯಾವುದೂ ಅವನನ್ನು ತಟ್ಟುತ್ತಿರಲಿಲ್ಲ, ಯಾವ ನಿರ್ಧಾರವೂ ಅವನಿಂದ ನೆಟ್ಟಗೆ ಆಗುತ್ತಿರಲಿಲ್ಲ. ಇಸ್ಪೀಟಿನ ಪ್ರಯೋಗವೂ ಇದನ್ನೇ ಹೇಳುತ್ತದೆ. ನಷ್ಟದ ಕಟ್ಟಿನತ್ತ ಕೈ ಚಾಚುವ ಮುನ್ನವೇ ಆರೋಗ್ಯವಂತರ ಚರ್ಮ ಸಣ್ಣಗೆ ಬೆವರುತ್ತದೆ. ಮಿದುಳಿನ ಮುಂಭಾಗದಲ್ಲಿ ಹಾನಿಯಾದ ರೋಗಿಗಳಲ್ಲಿ ಆ ಮುನ್ಸೂಚನೆ ಕಾಣಿಸುವುದಿಲ್ಲ.

ಇದರಿಂದ ಕ್ರೈಸ್ತ ದೈವಶಾಸ್ತ್ರ ಬೆಚ್ಚಬೇಕೇಕೆ? ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ'ದ ಎರಡನೆಯ ಭಾಗದ ಪ್ರಥಮಾರ್ಧದಲ್ಲಿ, 22ರಿಂದ 48ರವರೆಗೆ, ಇಪ್ಪತ್ತೇಳು ಪ್ರಶ್ನೆಗಳನ್ನು ಭಾವೋದ್ವೇಗಗಳಿಗೇ ಮೀಸಲಿಟ್ಟರು. ದೇಹದ ಮಾರ್ಪಾಡಿಲ್ಲದೆ ನಿಜಾರ್ಥದ ಉದ್ವೇಗವಿಲ್ಲವೆಂಬುದು ಅವರ ನಿಲುವು. ಅರಿಸ್ಟಾಟಲನನ್ನು ಅನುಸರಿಸಿ, ಕೋಪದಲ್ಲಿ ಹೃದಯದ ಸುತ್ತ ನೆತ್ತರು ಕುದಿಯುವುದನ್ನು ದ್ರವ್ಯವೆಂದೂ ಪ್ರತೀಕಾರದ ಬಯಕೆಯನ್ನು ರೂಪವೆಂದೂ ಅವರು ವಿಂಗಡಿಸಿದರು. ನೆತ್ತರಿನ ಜಾಗದಲ್ಲಿ ನರಮಂಡಲವನ್ನಿಟ್ಟರೆ ವಿಂಗಡಣೆ ಮುರಿಯುವುದಿಲ್ಲ. ಆತ್ಮವು ದೇಹದ ರೂಪವೆಂದು ವಿಯೆನ್ ಮಹಾಸಭೆ 1312ರಲ್ಲೇ ಘೋಷಿಸಿತ್ತು. ಸ್ವತಃ ದೇಕಾರ್ತನೂ ತನ್ನ ಆರನೆಯ ಧ್ಯಾನದಲ್ಲಿ, ಆತ್ಮವು ದೇಹದಲ್ಲಿರುವುದು ಹಡಗಿನಲ್ಲಿ ನಾವಿಕನಿರುವಂತಲ್ಲ ಎಂದು ಒಪ್ಪಿದ್ದನು. ದಮಾಸಿಯೊ ಅವರ ಶೀರ್ಷಿಕೆ ಅವನಿಗೂ ಪೂರ್ಣ ನ್ಯಾಯ ಮಾಡಿಲ್ಲ.

ಭಾಷೆಗಂತೂ ಇದು ಹೊಸತೇ ಅಲ್ಲ. ನಮ್ಮಲ್ಲಿ ಕರುಳು ಚುರ್ರೆನ್ನುತ್ತದೆ, ಎದೆ ಝಲ್ಲೆನ್ನುತ್ತದೆ, ಅಸೂಯೆ ಹೊಟ್ಟೆಕಿಚ್ಚಾಗುತ್ತದೆ. ನಯಿನ್ ಊರಿನ ವಿಧವೆಯನ್ನು ಕಂಡು ಪ್ರಭು ಯೇಸು ಮರುಗಿದರು ಎನ್ನುವಲ್ಲಿ ಸಂತ ಲೂಕರು ಬಳಸಿದ ಗ್ರೀಕ್ ಕ್ರಿಯಾಪದವೂ ಒಳಾಂಗಗಳನ್ನು ಸೂಚಿಸುವ ಪದದಿಂದಲೇ ಹುಟ್ಟಿದ್ದು.

ಹಾಗಿದ್ದೂ ನಾವು ಬೋಧಿಸುವುದು ಥಾಮಸರನ್ನು, ಬಾಳುವುದು ದೇಕಾರ್ತನನ್ನು. ಗುರುದೀಕ್ಷೆಯಾದ ಹೊಸತರಲ್ಲಿ ಧರ್ಮಕೇಂದ್ರದ ವಿಧವೆಯೊಬ್ಬರು ನನ್ನ ಬಳಿ ಬಂದು (ಪಾಪನಿವೇದನೆಗಲ್ಲ, ಆದ್ದರಿಂದ ಹೇಳಬಹುದು), "ಸ್ವಾಮಿ, ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ, ನಿದ್ದೆ ಇಲ್ಲ, ಪ್ರಾರ್ಥನೆ ಬಾಯಿಗೇ ಬರೋದಿಲ್ಲ" ಎಂದಿದ್ದರು. ವಿಶ್ವಾಸ ಸಡಿಲವಾಗಿದೆ, ದಿನಕ್ಕೆ ಇನ್ನೊಂದು ಜಪಸರ ಹೇಳಿ ಎಂದುಬಿಟ್ಟೆ. ಅವರು ಹೇಳಿದರು; ಹೇಳಲಾಗದ ದಿನ ತಾವು ಪಾಪಿಯೆಂದು ಅತ್ತರು. ವೈದ್ಯರ ಬಳಿಗೆ ಅವರನ್ನು ಕರೆದೊಯ್ದದ್ದು ನಾನಲ್ಲ, ನೆರೆಮನೆಯವರು. ದುಃಖವು ಉಳಿದೆಲ್ಲ ಉದ್ವೇಗಗಳಿಗಿಂತ ಹೆಚ್ಚಾಗಿ ದೇಹವನ್ನು ಬಾಧಿಸುತ್ತದೆಂದು ಬರೆದ ಥಾಮಸರು ಅದರ ಪರಿಹಾರಗಳಲ್ಲಿ ಸತ್ಯದ ಧ್ಯಾನದೊಡನೆ ಕಣ್ಣೀರು, ಗೆಳೆಯರ ಅನುಕಂಪ, ನಿದ್ರೆ, ಸ್ನಾನಗಳನ್ನೂ ಹೆಸರಿಸಿದ್ದಾರೆ. ಪರೀಕ್ಷೆಗೆ ಆ ಪ್ರಶ್ನೆಯನ್ನು ನಾನು ಓದಿದ್ದೆ.

ದಮಾಸಿಯೊ ಅವರ ಗ್ರಂಥ ಸೋಲುವುದು ಬೇರೊಂದು ಕಡೆ. ದೇಹವು ಇಡುವ ಗುರುತು ಆಯ್ಕೆಯನ್ನು ಸುಲಭಗೊಳಿಸುತ್ತದೆ ಸರಿ. ಆಯ್ಕೆ ಏಕೆ ಒಳ್ಳೆಯದೆಂಬುದನ್ನು ಅದು ಹೇಳಲಾರದು. ಲಂಚಕ್ಕೆ ಒಗ್ಗಿದವನ ಅಂಗೈ ಬೆವರುವುದಿಲ್ಲ. ಸತ್ಯ ನುಡಿಯಹೊರಟ ಅಂಜುಬುರುಕನದು ಬೆವರುತ್ತದೆ. ಗುರುತುಗಳನ್ನೇ ತೂಗಿನೋಡುವ ಶಕ್ತಿಯೊಂದು ಬೇಕು. ಅದನ್ನು ನಾವು ಸಂಕಲ್ಪವೆನ್ನುತ್ತೇವೆ, ಅಂತಃಸಾಕ್ಷಿ ಎನ್ನುತ್ತೇವೆ. ಗ್ರಂಥದಲ್ಲಿ ಅದರ ಸ್ಥಾನ ಕೊನೆಯವರೆಗೂ ಅಸ್ಪಷ್ಟ.

ಫಿನಿಯಸ್ ಗೇಜನ ವೃತ್ತಾಂತದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟಿನಲ್ಲಿ ರೈಲುಹಾದಿಗೆ ಬಂಡೆ ಸಿಡಿಸುತ್ತಿದ್ದಾಗ ಕಬ್ಬಿಣದ ಸಲಾಕೆಯೊಂದು ಅವನ ಕೆನ್ನೆಯಿಂದ ನುಗ್ಗಿ ನೆತ್ತಿಯಿಂದ ಹೊರಬಂದಿತು. ಅವನು ಬದುಕಿದನು, ಆದರೆ ಒರಟನೂ ಚಂಚಲನೂ ಆದನೆಂದು ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೊ 1868ರಲ್ಲಿ ಬರೆದನು. ದಮಾಸಿಯೊ ಇದನ್ನು ನೈತಿಕ ಪತನದ ಕಥೆಯಾಗಿ ಹೇಳುತ್ತಾರೆ. ಆದರೆ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಬಂಡಿ ಹೊಡೆದನು. ಈ ಸಂಗತಿಗೆ ಸಲ್ಲಬೇಕಾದ ತೂಕ ಸಂದದ್ದು 2000ದಲ್ಲಿ, ಮಾಲ್ಕಂ ಮ್ಯಾಕ್ಮಿಲನ್ ಅವರ ಅಧ್ಯಯನದಲ್ಲಿ.

ಉದ್ವೇಗವೂ ಮನೋವೈಕಲ್ಯವೂ ಹೊಣೆಯನ್ನು ತಗ್ಗಿಸಬಹುದೆಂಬ ಬೋಧನೆ ಪಾಪನಿವೇದನೆ ಆಲಿಸುವ ನಮಗೆಲ್ಲ ತಿಳಿದದ್ದೇ. ತಗ್ಗುವುದು ಬೇರೆ, ಅಳಿಯುವುದು ಬೇರೆ. ಮಿದುಳಿನ ಮುಂಭಾಗ ಛಿದ್ರವಾದ ಆ ಮನುಷ್ಯ ಪರದೇಶದಲ್ಲಿ, ಪರಭಾಷೆಯವರ ನಡುವೆ, ಆರು ಕುದುರೆಗಳ ಲಗಾಮು ಹಿಡಿದು ಪ್ರಯಾಣಿಕರನ್ನು ದಿನವೂ ಊರು ಮುಟ್ಟಿಸುತ್ತಿದ್ದನು.