ಬೀಭತ್ಸದ ಆಶ್ರಯ: 'ಟೆರಿಫೈಯರ್' ಚಿತ್ರಗಳ ಅಭಿಮಾನವನ್ನು ಕುರಿತು

ಪೀಠಕ್ಕೆ ಬರುವ ಸಂಶೋಧನ ಪ್ರಸ್ತಾವನೆಗಳಲ್ಲಿ ಹೆಚ್ಚಿನವು ವಚನ, ಕೀರ್ತನೆ, ಗಡಿನಾಡಿನ ಭಾಷೆ ಇವುಗಳ ಸುತ್ತಲೇ ಇರುವುದು ವಾಡಿಕೆ. ಮುಂಬಯಿಯಲ್ಲಿ ಬೆಳೆದ ಒಬ್ಬ ವಿದ್ಯಾರ್ಥಿ 'ಬೀಭತ್ಸ ರಸದ ಆಧುನಿಕ ರೂಪ' ಎಂಬ ತಲೆಬರಹದಡಿ ಅಮೆರಿಕದ 'ಟೆರಿಫೈಯರ್' ಚಿತ್ರಸರಣಿಯನ್ನೂ ಅದರ ಅಭಿಮಾನಿಗಳನ್ನೂ ಅಧ್ಯಯನಕ್ಕೆ ಎತ್ತಿಕೊಳ್ಳುವುದಾಗಿ ಬರೆದುಕೊಟ್ಟಾಗ, ನಾವು ಅದನ್ನು ಪೂರ್ತಿ ಓದದೆಯೇ ಬದಿಗಿಟ್ಟೆವು. ಕೊಲೆಗಡುಕ ಕೋಡಂಗಿಯೊಬ್ಬನ ರಕ್ತಪಾತದ ಚಿತ್ರಗಳಿಗೂ ನಮ್ಮ ಲಾಕ್ಷಣಿಕರಿಗೂ ಏನು ಸಂಬಂಧವೆಂಬ ತಾತ್ಸಾರ ಅದಕ್ಕೆ ಕಾರಣ. ಇಂಥ ಚಿತ್ರಗಳ ಮೇಲಿನ ಗಂಭೀರ ವಿಮರ್ಶೆಗೆ ತಳಹದಿ ಹಾಕಿದ ಕ್ಯಾರಲ್ ಕ್ಲೋವರ್ ಮೂಲತಃ ನಮ್ಮ ಹಾಗೆಯೇ ಮಧ್ಯಯುಗೀನ ಸಾಹಿತ್ಯದ ವಿದ್ವಾಂಸೆ ಎಂಬುದು ಆಮೇಲೆ ತಿಳಿಯಿತು. 1982ರಲ್ಲಿ ಐಸ್‌ಲ್ಯಾಂಡಿನ ಸಾಗಾಗಳನ್ನು ಕುರಿತು ಗ್ರಂಥ ಬರೆದ ಆಕೆಯೇ 1992ರಲ್ಲಿ 'ಮೆನ್, ವಿಮೆನ್ ಅಂಡ್ ಚೈನ್ ಸಾಸ್' ಬರೆದವರು. ಆಕೆಗಿಲ್ಲದ ಮಡಿ ನಮಗೇಕೆ ಎಂದುಕೊಂಡು ಮತ್ತೆ ಆ ಪ್ರಸ್ತಾವನೆಯನ್ನು ಕೈಗೆತ್ತಿಕೊಂಡೆವು. ಮೂರು ಚಿತ್ರಗಳನ್ನೂ ನೋಡಿದೆವು. ನೋಡುವುದು ಸುಲಭವಾಗಿರಲಿಲ್ಲ.

ಈ ಸರಣಿಯ ನಿರ್ದೇಶಕ ಡೇಮಿಯನ್ ಲಿಯೋನ್. ಆತ ಪ್ರಸಾಧನ ಕಲೆಯಲ್ಲಿ, ಅಂದರೆ ಗಾಯ, ಸೀಳು, ಮುರಿದ ಎಲುಬುಗಳನ್ನು ಕೈಯಾರೆ ರೂಪಿಸುವ ಕೆಲಸದಲ್ಲಿ ಪಳಗಿದವನು. 'ಆರ್ಟ್' ಎಂಬ ಹೆಸರಿನ ಕೋಡಂಗಿ ಆತನ 2008ರ ಒಂದು ಕಿರುಚಿತ್ರದಲ್ಲಿಯೇ ಹುಟ್ಟಿದ್ದು. ಮೊದಲ ಪೂರ್ಣ ಚಿತ್ರ 2016ರಲ್ಲಿ ಪ್ರದರ್ಶನಗೊಂಡಿತು. ಎರಡನೆಯದು 2022ರಲ್ಲಿ, ಮೂರನೆಯದು 2024ರಲ್ಲಿ ಬಂದವು. ಈ ಮೂರರಲ್ಲೂ ಆರ್ಟ್‌ನಾಗಿ ನಟಿಸಿದವನು ಡೇವಿಡ್ ಹೋವರ್ಡ್ ಥಾರ್ನ್‌ಟನ್. ಮೂರನೆಯ ಚಿತ್ರದ ವೆಚ್ಚ ಸುಮಾರು 20 ಲಕ್ಷ ಡಾಲರ್, ಗಳಿಕೆ ಸುಮಾರು 9 ಕೋಟಿ ಡಾಲರ್. 2024ರ ಅಕ್ಟೋಬರ್‌ನಲ್ಲಿ ಅದು ತೆರೆಕಂಡ ವಾರಾಂತ್ಯದಲ್ಲಿ, ಅದಕ್ಕಿಂತ ನೂರು ಪಟ್ಟು ವೆಚ್ಚದಲ್ಲಿ ತಯಾರಾದ 'ಜೋಕರ್' ಚಿತ್ರದ ಎರಡನೆಯ ಭಾಗವನ್ನು ಹಿಂದಿಕ್ಕಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ಬಡ ಕೋಡಂಗಿ ಸಿರಿವಂತ ಕೋಡಂಗಿಯನ್ನು ಸೋಲಿಸಿದ ಈ ಪ್ರಸಂಗವನ್ನು ಅಭಿಮಾನಿಗಳು ತಮ್ಮದೇ ಗೆಲುವೆಂಬಂತೆ ಸಂಭ್ರಮಿಸಿದರು.

ಹಾಗೆ ಭಾವಿಸಲು ಅವರಿಗೆ ಕಾರಣವಿತ್ತು. ಎರಡನೆಯ ಚಿತ್ರಕ್ಕಾಗಿ ಸಾರ್ವಜನಿಕರಿಂದ ಲಿಯೋನ್ ಬಳಗ ಕೇಳಿದ್ದು 50 ಸಾವಿರ ಡಾಲರ್. ಬಂದದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆ ಚಿತ್ರ ನೋಡುತ್ತ ಕೆಲವರು ಮೂರ್ಛೆಹೋದರು, ವಾಂತಿ ಮಾಡಿಕೊಂಡರು ಎಂಬ ವರದಿಗಳು ಬಂದಾಗ ನಿರ್ಮಾಪಕರಲ್ಲೊಬ್ಬರು ಎಚ್ಚರಿಕೆಯ ಮಾತನ್ನೂ ಹೊರಡಿಸಿದರು. ಎಚ್ಚರಿಕೆಯೇ ಆಹ್ವಾನವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಹ್ಯಾಲೋವೀನ್ ಹಬ್ಬದಲ್ಲಿ ಆರ್ಟ್‌ನ ಕಪ್ಪು ಬಿಳುಪಿನ ಉಡುಪು, ಓರೆಯಾಗಿ ಕೂತ ಪುಟ್ಟ ಟೋಪಿ ತೊಡುವವರುಂಟು. ಅವನ ಮುಖವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವರುಂಟು. ನಟನೊಡನೆ ಚಿತ್ರ ತೆಗೆಸಿಕೊಳ್ಳಲು ಸಾಲುಗಟ್ಟಿ ನಿಲ್ಲುವವರುಂಟು.

ಇದನ್ನು ರಕ್ತದಾಹವೆಂದು ಒಂದೇ ಮಾತಿನಲ್ಲಿ ಮುಗಿಸುವುದು ಪ್ರಾಧ್ಯಾಪಕರಿಗೆ ಸುಲಭ. ವಿದ್ಯಾರ್ಥಿಯಂತೆ ಇದು ಬೀಭತ್ಸ ರಸವೆಂದು ಹೆಸರಿಟ್ಟು ಮುಂದೆ ಸಾಗುವುದೂ ಅಷ್ಟೇ ಸುಲಭ. ನಮಗೆ ಎರಡೂ ಒಪ್ಪಿಗೆಯಿಲ್ಲ. ರಕ್ತ, ಕರುಳು ಮೊದಲಾದವುಗಳಿಂದ ಉಂಟಾಗುವ ಕ್ಷೋಭಜ ಬೀಭತ್ಸವನ್ನು ಭರತ ಗುರುತಿಸಿದ್ದಾನೆ, ನಿಜ. ಆದರೆ ರಂಗದ ಮೇಲೆ ಮರಣವನ್ನು ಪ್ರತ್ಯಕ್ಷವಾಗಿ ತೋರಿಸಕೂಡದೆಂದವನೂ ಅವನೇ. ಮರಣವನ್ನು ತೋರಿಸುವುದನ್ನೇ ಕಸುಬಾಗಿಸಿಕೊಂಡ ಚಿತ್ರಕ್ಕೆ ಅವನ ಪರಿಭಾಷೆಯನ್ನು ಅಂಟಿಸುವ ಮುನ್ನ ಒಂದಿಷ್ಟು ಯೋಚಿಸಬೇಕು.

ಇಲ್ಲಿ ನೆರವಿಗೆ ಬರುವವನು ಹದಿನೇಳನೆಯ ಶತಮಾನದ ಜಗನ್ನಾಥ ಪಂಡಿತ. 'ರಸಗಂಗಾಧರ'ದಲ್ಲಿ ಅವನೊಂದು ಸೂಕ್ಷ್ಮ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾನೆ. ರತಿ, ಕ್ರೋಧ, ಶೋಕ ಮುಂತಾದ ಭಾವಗಳಲ್ಲಿ ಭಾವಕ್ಕೆ ಗುರಿಯಾದ ಆಲಂಬನವೂ ಆ ಭಾವವನ್ನು ಅನುಭವಿಸುವ ಆಶ್ರಯವೂ ಕಾವ್ಯದಲ್ಲಿಯೇ ಕಾಣಸಿಗುತ್ತವೆ: ಶಕುಂತಲೆಯೂ ಇದ್ದಾಳೆ, ದುಷ್ಯಂತನೂ ಇದ್ದಾನೆ. ಹಾಸ ಮತ್ತು ಜುಗುಪ್ಸೆಗಳಲ್ಲಿ ಮಾತ್ರ ಹೀಗಲ್ಲ. ನಗೆ ಬರಿಸುವ ವಸ್ತು, ಹೇಸಿಗೆ ಹುಟ್ಟಿಸುವ ವಸ್ತು ಇವಷ್ಟೇ ಎದುರಿಗಿರುತ್ತವೆ. ನಗುವವನು, ಹೇಸುವವನು ಕಾಣುವುದಿಲ್ಲ. ಹಾಗಾದರೆ ಆಶ್ರಯ ಯಾರು? ಕಾಣದ ಒಬ್ಬ ನೋಡುಗನನ್ನು ಅಲ್ಲಿ ಊಹಿಸಿಕೊಳ್ಳಬೇಕೆಂಬುದು ಅವನ ಸಮಾಧಾನ. ಊಹಿಸಿಕೊಳ್ಳದಿದ್ದರೂ ಬಾಧಕವಿಲ್ಲ, ಕೇಳುವವನೇ ಆ ಸ್ಥಾನದಲ್ಲಿ ನಿಲ್ಲಬಹುದೆಂದೂ ಸೇರಿಸುತ್ತಾನೆ. ಹಾಸ ಮತ್ತು ಜುಗುಪ್ಸೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದ ಈ ವಾಕ್ಯಗಳನ್ನು ನಾವು ತರಗತಿಯಲ್ಲಿ ಹಲವು ಬಾರಿ ಪಾಠ ಮಾಡಿದ್ದೇವೆ. ಅವುಗಳ ಜೋಡಣೆ ಎಷ್ಟು ಅಪಾಯಕಾರಿಯೆಂಬುದು ಆರ್ಟ್‌ನನ್ನು ಕಂಡ ಮೇಲೆ ಹೊಳೆಯಿತು.

ಏಕೆಂದರೆ ಈ ಕೋಡಂಗಿಯ ದೇಹದಲ್ಲಿ ಹಾಸವೂ ಜುಗುಪ್ಸೆಯೂ ಒಟ್ಟಿಗೆ ನೆಲೆಸಿವೆ. ಪ್ಯಾರಿಸ್ಸಿನಲ್ಲಿ 1897ರಿಂದ 1962ರವರೆಗೆ ನಡೆದ ಗ್ರಾಂ ಗಿನ್ಯೋಲ್ ರಂಗಶಾಲೆಯಲ್ಲೂ ರಕ್ತದ ನಾಟಕಗಳಿದ್ದವು, ಪ್ರಹಸನಗಳಿದ್ದವು. ಆದರೆ ಒಂದಾದ ಮೇಲೆ ಒಂದು, ಬಿಸಿನೀರು ತಣ್ಣೀರು ಎರಚಿದ ಹಾಗೆ. ಲಿಯೋನ್ ಆ ಅಂತರವನ್ನು ಅಳಿಸಿದ್ದಾನೆ. ಆರ್ಟ್ ಕೊಲ್ಲುತ್ತಿರುವಾಗಲೇ ನಗಿಸುತ್ತಾನೆ. ಅವನಿಗೆ ಮಾತಿಲ್ಲ. ನೋವಾದರೆ ಬಾಯಿ ತೆರೆಯುತ್ತಾನೆ, ಸದ್ದು ಹೊರಡುವುದಿಲ್ಲ, ನಗುವುದೂ ಹಾಗೆಯೇ. ಸಂಸ್ಕೃತ ನಾಟಕದ ವಿದೂಷಕನಿಗೆ ಮಾತೇ ಬಂಡವಾಳ; ಇವನ ನಂಟು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ದೆಬ್ಯೂರೋ ಆಡಿದ ಬಿಳಿಮುಖದ ಮೂಕ ಪಿಯೆರೋವಿನೊಡನೆ. ಮಾತಿಲ್ಲದ್ದರಿಂದ ಕೊಲೆಗೆ ಕಾರಣವನ್ನೂ ಅವನು ಹೇಳಬೇಕಾಗಿಲ್ಲ. ಉಳಿಯುವುದು ಮುಖದ ಅಭಿನಯವೊಂದೇ. ಮೆಚ್ಚುಗೆಯನ್ನು ಬೇಡುವ ಆ ಮುಖ ತಿರುಗುವುದು ನಮ್ಮ ಕಡೆಗೆ.

ಜಗನ್ನಾಥನ ಕಾಣದ ನೋಡುಗ ಕೂತಿರುವುದು ಅಲ್ಲಿಯೇ, ಚಿತ್ರಮಂದಿರದ ಕುರ್ಚಿಯಲ್ಲಿ. ಎರಡನೆಯ ಚಿತ್ರಕ್ಕೆ ಹಣ ತೆತ್ತದ್ದರಿಂದ ಲೌಕಿಕಾರ್ಥದಲ್ಲಿಯೂ ಅವನು ಆಶ್ರಯನಾದ.

ಮೊದಲ ಚಿತ್ರದ ಒಂದು ಸನ್ನಿವೇಶವನ್ನು ಈ ದೃಷ್ಟಿಯಿಂದ ನೋಡಬೇಕು. ಹ್ಯಾಲೋವೀನ್ ರಾತ್ರಿ ಪಿಟ್ಸಾ ಅಂಗಡಿಯಲ್ಲಿ ಡಾನ್, ಟಾರಾ ಎಂಬ ಇಬ್ಬರು ಗೆಳತಿಯರ ಎದುರಿಗೆ ಆರ್ಟ್ ಬಂದು ಕೂರುತ್ತಾನೆ. ಟಾರಾಳಿಗೆ ಅಂಜಿಕೆ. ಡಾನ್‌ಳಿಗೆ ತಮಾಷೆ, ಅವನ ತೊಡೆಯ ಮೇಲೆ ಕೂತು ಜೊತೆಯಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾಳೆ. ಆರ್ಟ್‌ನ ಮೊದಲ ಅಭಿಮಾನಿ ಇವಳೇ ಎನ್ನಬೇಕು. ಮುಂದೆ ಅವಳನ್ನೇ ಅವನು ತಲೆಕೆಳಗಾಗಿ ನೇತುಹಾಕಿ ಗರಗಸದಿಂದ ಸೀಳುತ್ತಾನೆ. ಇಂದು ನಟನ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರು ಅಪ್ರಜ್ಞಾಪೂರ್ವಕವಾಗಿ ಡಾನ್‌ಳ ಭಂಗಿಯನ್ನೇ ಪುನರಭಿನಯಿಸುತ್ತಿದ್ದಾರೆ. ಮೂರನೆಯ ಚಿತ್ರದಲ್ಲಿ ಲಿಯೋನ್ ಇದನ್ನು ಇನ್ನೂ ಬಿಚ್ಚಿಟ್ಟಿದ್ದಾನೆ: ಹಳೆಯ ಕೊಲೆಗಳ ಕಥೆಯಲ್ಲಿ ಗೀಳು ಹಿಡಿದು, ಬದುಕಿ ಉಳಿದವರ ಬಾಯಿ ಬಿಡಿಸಲು ಹವಣಿಸುವ ಮಿಯಾ ಎಂಬ ಯುವತಿ ಅಲ್ಲಿ ಬರುತ್ತಾಳೆ, ಚಿತ್ರದ ಅತ್ಯಂತ ಕ್ರೂರ ಕೊಲೆಗಳಲ್ಲೊಂದು ಅವಳ ಪಾಲಿಗೆ ಬರುತ್ತದೆ.

ಅಭಿಮಾನಿಗಳ ಸಮರ್ಥನೆ ಇಷ್ಟು: ಇದು ಕೈಚಳಕ, ರಕ್ತ ರಕ್ತವಲ್ಲ, ದೇಹ ದೇಹವಲ್ಲ, ನಾವು ಮೆಚ್ಚುವುದು ಅದನ್ನು ಹೇಗೆ ಮಾಡಿದರೆಂಬುದನ್ನು. ನಮ್ಮ ವಿದ್ಯಾರ್ಥಿಯೂ ಹೀಗೆಯೇ ವಾದಿಸಿದ. ಇದರಲ್ಲಿ ಹುರುಳಿಲ್ಲದಿಲ್ಲ. ಗಣಕಯಂತ್ರದ ರಕ್ತದಿಂದ ಬೇಸತ್ತ ಕಾಲದಲ್ಲಿ ಕೈಯಿಂದ ಮಾಡಿದ ಗಾಯಕ್ಕೆ ಒಂದು ಬಗೆಯ ಗೌರವ ಸಲ್ಲುವುದು ಸಹಜ. ಅಂದರೆ ಅಭಿಮಾನಿ ಸವಿಯುತ್ತಿರುವುದು ಬೀಭತ್ಸವನ್ನಲ್ಲ, ಅದರ ಮರೆಯಲ್ಲಿರುವ ಅದ್ಭುತವನ್ನು. ವಿದ್ಯಾರ್ಥಿಯ ತಲೆಬರಹ ತಪ್ಪಾದದ್ದು ಇಲ್ಲಿ. ಜುಗುಪ್ಸೆಯ ಆಶ್ರಯನಾಗಿ ಕುಳಿತವನು ಆ ಇಕ್ಕಟ್ಟಿನಿಂದ ಪಾರಾಗಲು ವಿಸ್ಮಯದ ಬಾಗಿಲನ್ನು ಹುಡುಕಿಕೊಳ್ಳುತ್ತಾನೆ.

ಆದರೆ 'ದೇಹ ದೇಹವಲ್ಲ' ಎಂಬ ಮಾತನ್ನು ಕೇಳಿದೊಡನೆ ನಮಗೆ ಜನ್ನನ ನೆನಪಾಗದೆ ಹೇಗಿದ್ದೀತು? 1209ರ 'ಯಶೋಧರ ಚರಿತೆ'ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ನಿಜವಾದ ಜೀವವಲ್ಲವೆಂಬ ಸಮಾಧಾನದಿಂದಲೇ ಯಶೋಧರ ಕತ್ತಿಯೆತ್ತುತ್ತಾನೆ. ಕಡಿದಾಗ ಕೋಳಿ ಕೂಗುತ್ತದೆ. ತಾಯಿಮಗ ಜನ್ಮಜನ್ಮಾಂತರ ತೊಳಲುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ಜೈನರ ತ್ರಿಕದಲ್ಲಿ ಅಭಿಮಾನಿಯನ್ನು ಅನುಮೋದಿತದ ಅಂಕಣದಲ್ಲಿ ಬರೆದು ಕೈತೊಳೆದುಕೊಳ್ಳಬಹುದು. ನಾವು ಹಾಗೆ ಮಾಡಲಾರೆವು. ದುಶ್ಶಾಸನನ ಎದೆ ಬಗೆಯುವ ಪ್ರಸಂಗವನ್ನು ರನ್ನನಿಂದಲೋ ಕುಮಾರವ್ಯಾಸನಿಂದಲೋ ಓದಿ ಮೈಯುಬ್ಬಿದ ನಮ್ಮೆಲ್ಲರನ್ನೂ ಅದೇ ಅಂಕಣದಲ್ಲಿ ಬರೆಯಬೇಕಾದೀತು. ಜನ್ನನಿಂದ ನಾವು ಎರವಲು ಪಡೆಯುವುದು ತೀರ್ಪನ್ನಲ್ಲ, ಆ ಕೂಗನ್ನು: ಮಾಡಿದ ವಸ್ತು ಯಾವ ಗಳಿಗೆಯಲ್ಲಿ ಕೂಗುತ್ತದೆ ಎಂಬ ಪ್ರಶ್ನೆಯನ್ನು.

'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯಲ್ಲಿ ತಾಯಿನರಿ ಮರಿಗಳೊಡನೆ ಮುನಿಯ ಜೀವಂತ ದೇಹವನ್ನು ತಿನ್ನುತ್ತದೆ. ವಿವರಗಳಲ್ಲಿ ಅದು ಯಾವ ಟೆರಿಫೈಯರ್‌ಗೂ ಕಡಿಮೆಯಲ್ಲ. ಆದರೂ ಅಲ್ಲಿ ನಮ್ಮ ಕಣ್ಣು ನರಿಯ ಬಾಯಲ್ಲಿ ನಿಲ್ಲದೆ ಸಹಿಸುವವನ ಮನಸ್ಸಿಗೆ ಹೋಗುತ್ತದೆ. ಅವನ ಪೂರ್ವಜನ್ಮವೂ ನರಿಯ ಪೂರ್ವಜನ್ಮವೂ ನಮಗೆ ಗೊತ್ತು. ಡಾನ್‌ಳ ಬಗ್ಗೆ ನಮಗೆ ಏನು ಗೊತ್ತು? ಕುಡಿದಿದ್ದಳು, ತಮಾಷೆಯವಳು, ಅಷ್ಟೆ. ಆಕೆಯ ಬೆತ್ತಲೆ ದೇಹವನ್ನು ಸೀಳುವ ದೃಶ್ಯ ಸ್ತ್ರೀದ್ವೇಷದ ಆರೋಪಕ್ಕೆ ಗುರಿಯಾದದ್ದು ನ್ಯಾಯವೇ; ಕೈಚಳಕದ ಮಾತು ಅದಕ್ಕೆ ಉತ್ತರವಾಗಲಾರದು. ಕೊನೆಗೆ ಬದುಕುಳಿಯುವ ಹುಡುಗಿಯನ್ನು ಕುರಿತು ಕ್ಲೋವರ್ ಗುರುತಿಸಿದ ಸಂಪ್ರದಾಯವನ್ನೂ ಆ ಚಿತ್ರ ಮುರಿಯುತ್ತದೆ: ಎದುರುನಿಂತ ಟಾರಾಳನ್ನು ಆರ್ಟ್ ಪಿಸ್ತೂಲು ತೆಗೆದು ಸುಟ್ಟುಬಿಡುತ್ತಾನೆ.

ಲಿಯೋನ್‌ಗೆ ಈ ಕೊರತೆ ಅರಿವಾಗಿರಬೇಕು. ಎರಡನೆಯ ಚಿತ್ರದಲ್ಲಿ ಸಿಯೆನಾ ಶಾ ಎಂಬ ತರುಣಿ ಬರುತ್ತಾಳೆ: ತಂದೆಯನ್ನು ಕಳೆದುಕೊಂಡವಳು, ಅವನು ಬರೆದಿಟ್ಟ ಚಿತ್ರದಂತೆಯೇ ರೆಕ್ಕೆಯುಳ್ಳ ವೀರಾಂಗನೆಯ ವೇಷವನ್ನು ತಾನೇ ಹೊಲಿಯುವವಳು. ಲಾರೆನ್ ಲವೇರಾ ಅವಳಿಗೆ ಕೊಟ್ಟ ತೂಕದಿಂದಾಗಿ ಚಿತ್ರಕ್ಕೆ ಎರಡನೆಯ ಧ್ರುವ ಒದಗಿತು. ಅಭಿಮಾನಿಗಳಲ್ಲಿ ಅನೇಕರು ಈಗ ತೊಡುವುದು ಸಿಯೆನಾಳ ರೆಕ್ಕೆಗಳನ್ನು. ಮೂರನೆಯ ಚಿತ್ರದಲ್ಲಿ ಐದು ವರ್ಷಗಳ ನಂತರ ಅವಳು ಚಿಕಿತ್ಸಾಲಯದಿಂದ ಹೊರಬಂದು ಬಂಧುಗಳ ಮನೆಯಲ್ಲಿ ದಿನ ನೂಕುತ್ತಾಳೆ. ಕೊಲೆಯ ಮರುದಿನವೂ ಒಂದು ದಿನವಿರುತ್ತದೆಂಬ ಪ್ರಜ್ಞೆ ಸರಣಿಗೆ ತಡವಾಗಿಯಾದರೂ ಬಂದಿದೆ. ಚಿತ್ರಗಳು ಇದರಿಂದ ಶುದ್ಧವಾದವೆಂದು ನಮ್ಮ ಅಭಿಪ್ರಾಯವಲ್ಲ. ಕ್ರಿಸ್‌ಮಸ್ ರಾತ್ರಿಯ ಕೊಲೆಗಳಲ್ಲಿ ಬಹಳಷ್ಟು ಬರಿಯ ಪಟ್ಟಿ.

ಎರಡನೆಯ ಚಿತ್ರವನ್ನು ನಾವು ನೋಡಿದ್ದು ಪೀಠದ ಕೊಠಡಿಯಲ್ಲಿ, ಮೂವರು ಸಂಶೋಧಕರೊಡನೆ. ಸಿಯೆನಾಳ ಗೆಳತಿ ಆ್ಯಲಿಯ ಕೊಲೆ ಎಷ್ಟು ದೀರ್ಘವೆಂದರೆ, ಮುಗಿಯಿತೆಂದುಕೊಂಡಾಗ ಆರ್ಟ್ ಹೊರಹೋಗಿ ಉಪ್ಪು ತಂದು ಗಾಯಗಳಿಗೆ ಸವರುತ್ತಾನೆ. ನಮ್ಮ ವಿದ್ಯಾರ್ಥಿ ಆ ಹೊತ್ತಿನಲ್ಲಿ ಚರ್ಮವನ್ನು ಯಾವುದರಿಂದ ಮಾಡಿದ್ದಾರೆ, ಕೊಳವೆಯನ್ನು ಎಲ್ಲಿ ಮರೆಸಿದ್ದಾರೆ ಎಂದು ಉತ್ಸಾಹದಿಂದ ವಿವರಿಸುತ್ತಿದ್ದ. ಉಪ್ಪು ಬಂದಾಗ ಕೋಡಂಗಿಯ ಸಡಗರಕ್ಕೆ ಎಲ್ಲರೂ ನಕ್ಕರು, ನಾವೂ ನಕ್ಕೆವೆಂದು ಒಪ್ಪಿಕೊಳ್ಳಬೇಕು. ಆಮೇಲೆ ಆ್ಯಲಿಯ ತಾಯಿ ಮನೆಗೆ ಬಂದು ಕೋಣೆಯ ಬಾಗಿಲು ತೆರೆದಳು. ಹಾಸಿಗೆಯ ಮೇಲೆ ಉಳಿದಿದ್ದ ಮಗಳು ಅಮ್ಮಾ ಎಂದಳು. ವಿದ್ಯಾರ್ಥಿ ಮಾತು ನಿಲ್ಲಿಸಿದ. ಮಾರನೆಯ ವಾರ ಅವನು ತಂದುಕೊಟ್ಟ ಪರಿಷ್ಕೃತ ಪ್ರಸ್ತಾವನೆಯ ಮೊದಲ ಅಧ್ಯಾಯ ಆ ಬಾಗಿಲಿನಿಂದ ಆರಂಭವಾಗುತ್ತದೆ.